ದಾವಣಗೆರೆಯಂಥ ಊರಿನಲ್ಲಿ 26/11ರ ಸ್ಮರಣೆ ಹೇಗೆ ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಕಾಲೇಜಿನ ಗೆಳೆಯರೆಲ್ಲ ಸೇರಿ ಈ ನವೆಂಬರ್ 26ಕ್ಕೆ ಮುಂಬೈ ದಾಳಿಯಲ್ಲಿ ಸತ್ತವರನ್ನು, ಜನರನ್ನು ಉಳಿಸಲು ಹೋದವರನ್ನು ನೆನೆಯಬೇಕು ಅಂದುಕೊಂಡಿದ್ದೀರಿ. ಫ್ಲೆಕ್ಸ್, ಮೊಂಬತ್ತಿ, ಎರಡು ನಿಮಿಷ ಮೌನ ಬಿಟ್ಟು ಬೇರೇನು ಮಾಡಬಹುದು, ಅಷ್ಟು ದೂರದ ಮುಂಬೈನ ಘಟನೆಯನ್ನು ದಾವಣಗೆರೆಯಲ್ಲಿ ನೆನೆಯುವುದರಲ್ಲಿ ಅರ್ಥ ಇದೆಯಾ ಅಂತ ಕೇಳಿದ್ದೀರಿ.

ಖಂಡಿತ ಇದೆ. ನಾನು ಇಲ್ಲೇ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಈ ಕಾರ್ಯಕ್ರಮದ ಜವಾಬ್ದಾರಿ ಹಲವು ವರ್ಷ ನನ್ನ ಹೆಗಲಿಗೇ ಬರುತ್ತಿತ್ತು. ಮೊದಲ ಸಲ ದೊಡ್ಡ ತಪ್ಪು ಮಾಡಿದ್ದೆ. ನೀವು ಅದನ್ನು ಮಾಡಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಆ ವರ್ಷ ನಾಟಕ ಮಾಡಿಸಿದೆ. ಇಬ್ಬರು ಹುಡುಗರು ಉಗ್ರರು, ಕೈಯಲ್ಲಿ ಪ್ಲಾಸ್ಟಿಕ್ ಬಂದೂಕು. ಸ್ಪೀಕರಿನಲ್ಲಿ ಗುಂಡಿನ ಸದ್ದು. ಶಿಳ್ಳೆ, ಚಪ್ಪಾಳೆ ಎಲ್ಲ ಆ ಇಬ್ಬರಿಗೇ ಬಿತ್ತು. ಪೊಲೀಸ್ ಪಾತ್ರದವನು ಬಂದು ಅರ್ಧ ನಿಮಿಷದಲ್ಲಿ ಬಿದ್ದ. ಪ್ರಯಾಣಿಕರಾಗಿ ಸತ್ತು ಮಲಗಿದ್ದ ಪುಟ್ಟ ಮಕ್ಕಳಿಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಮಾರನೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ನೋಡುತ್ತೇನೆ, ಐದನೇ ತರಗತಿಯ ಹುಡುಗರು ಕ್ರಿಕೆಟ್ ಬ್ಯಾಟನ್ನೇ ಬಂದೂಕು ಮಾಡಿಕೊಂಡು ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದರು. "ನಾನು ಉಗ್ರ ಆಗ್ತೀನಿ, ನಾನು ಆಗ್ತೀನಿ" ಅಂತ ಜಗಳ ಬೇರೆ. ಅದು ಮಕ್ಕಳ ತಪ್ಪಲ್ಲ. ಕೊಂದವರನ್ನು ವೇದಿಕೆಯ ನಡುವೆ ನಿಲ್ಲಿಸಿದ್ದು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಕಡೆ ಓಬವ್ವನ ಕಥೆ ಹೇಗೆ ಹೇಳುತ್ತೇವೆ ನೋಡಿ. ಗಂಡ ಊಟಕ್ಕೆ ಕೂತಿದ್ದ, ಇವಳು ನೀರಿಗೆ ಹೋಗಿದ್ದಳು, ಕಿಂಡಿಯ ಹತ್ತಿರ ಸದ್ದು ಕೇಳಿತು, ಕೈಗೆ ಸಿಕ್ಕಿದ್ದು ಒನಕೆ. ಇಷ್ಟೂ ಪ್ರತಿ ಮಗುವಿಗೂ ಗೊತ್ತು. ಕಿಂಡಿಯಲ್ಲಿ ನುಸುಳಿ ಬಂದವರ ಪೈಕಿ ಒಬ್ಬನ ಹೆಸರಾದರೂ ಯಾರಿಗಾದರೂ ಗೊತ್ತಾ? ಯಾರೂ ಕೇಳುವುದೂ ಇಲ್ಲ. ಅಲ್ಲಿಂದ ಮುಂದೆ ನಾನೂ ಅದೇ ದಾರಿ ಹಿಡಿದೆ. ದಾಳಿ ಮಾಡಿದವರ ಬಗ್ಗೆ ನಾಲ್ಕೇ ಮಾತು: 2008ರ ನವೆಂಬರ್ 26ರ ರಾತ್ರಿ ಹತ್ತು ಜನ ಪಾಕಿಸ್ತಾನದಿಂದ ಸಮುದ್ರದ ಮೇಲೆ ಬಂದರು. ಸಿಎಸ್‌ಟಿ ರೈಲು ನಿಲ್ದಾಣ, ತಾಜ್ ಮತ್ತು ಒಬೆರಾಯ್ ಹೋಟೆಲ್, ನಾರಿಮನ್ ಹೌಸ್, ಕಾಮಾ ಆಸ್ಪತ್ರೆಯ ಮೇಲೆಲ್ಲ ದಾಳಿ ಮಾಡಿದರು. 29ರ ಬೆಳಿಗ್ಗೆವರೆಗೂ ನಡೆಯಿತು. 166 ಜನ ಸತ್ತರು. ಅಲ್ಲಿಗೆ ಅವರ ಮಾತು ಮುಗಿಯಿತು. ಉಳಿದ ಸಮಯವೆಲ್ಲ ಎದುರು ನಿಂತವರಿಗೆ.

ತುಕಾರಾಂ ಓಂಬ್ಳೆ ಅವರಿಂದ ಶುರು ಮಾಡಿ. ಸಹಾಯಕ ಸಬ್ ಇನ್ಸ್‌ಪೆಕ್ಟರ್. ಮೊದಲು ಸೈನ್ಯದಲ್ಲಿದ್ದು ಆಮೇಲೆ ಪೊಲೀಸಿಗೆ ಬಂದವರು. ಗಿರ್ಗಾಂವ್ ಚೌಪಾಟಿಯಲ್ಲಿ ಉಗ್ರರ ಕಾರನ್ನು ತಡೆದಾಗ ಓಂಬ್ಳೆ ಕೈಯಲ್ಲಿದ್ದದ್ದು ಬರೀ ಲಾಠಿ. ಉಗ್ರನೊಬ್ಬನ ಎಕೆ-47ರ ನಳಿಗೆಯನ್ನೇ ಹಿಡಿದುಕೊಂಡರು. "ಧೈರ್ಯ, ಸಾಹಸ" ಅಂತ ನಾನು ಎಷ್ಟು ಹೇಳಿದರೂ ಮಕ್ಕಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ವರ್ಷ ಡ್ರಿಲ್ಲಿನ ಕೋಲು ತೆಗೆದುಕೊಂಡು ಹೋದೆ. ಹತ್ತನೇ ತರಗತಿಯ ಒಬ್ಬ ಗಟ್ಟಿ ಹುಡುಗನನ್ನು ಕರೆದು "ತುದಿ ಹಿಡಿ, ಏನಾದರೂ ಬಿಡಬೇಡ" ಅಂದೆ. ಎರಡೂ ಕೈಯಲ್ಲಿ ಹಿಡಿದ. ಜಗ್ಗಿದೆ, ತಿರುಚಿದೆ, ಬಿಡಲಿಲ್ಲ. "ಈಗ ಕೆಳಗೆ ನೋಡು" ಅಂದೆ. ಕೋಲಿನ ತುದಿ ಸರಿಯಾಗಿ ಅವನ ಹೊಟ್ಟೆಗೆ ಒತ್ತಿಕೊಂಡಿತ್ತು. ನಳಿಗೆ ಹಿಡಿಯುವುದು ಅಂದರೆ ಇದು. ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದೂ ಕೈ ಬಿಡದೇ ಇರುವುದು. ಓಂಬ್ಳೆ ಬಿಡಲಿಲ್ಲ. ಅಷ್ಟರಲ್ಲಿ ಜೊತೆಗಿದ್ದ ಪೊಲೀಸರು ಆ ಉಗ್ರನನ್ನು ಕೆಡವಿದರು. ಹತ್ತು ಜನರಲ್ಲಿ ಒಬ್ಬ ಜೀವಂತ ಸಿಕ್ಕಿದ್ದು ಹಾಗೆ. ದಾಳಿಯ ಹಿಂದಿನ ಸಂಚು ಬಯಲಾಗಲು ಅದೇ ಮುಖ್ಯ ಕಾರಣ. ಓಂಬ್ಳೆ ಉಳಿಯಲಿಲ್ಲ. 2009ರ ಗಣರಾಜ್ಯೋತ್ಸವದಂದು ಅಶೋಕ ಚಕ್ರ ಬಂತು. ಆ ಹುಡುಗ ಕೋಲು ಬಿಟ್ಟು ಸುಮ್ನೆ ತನ್ನ ಜಾಗಕ್ಕೆ ಹೋಗಿ ಕೂತ. ಅವತ್ತು ಯಾರೂ ನಗಲಿಲ್ಲ.

ಬರೀ ಯೂನಿಫಾರ್ಮಿನಲ್ಲಿದ್ದವರ ಫೋಟೋ ಇಟ್ಟು ನಿಲ್ಲಿಸಬೇಡಿ. ಸಿಎಸ್‌ಟಿಯಲ್ಲಿ ವಿಷ್ಣು ಝೆಂಡೆ ಅಂತ ಅನೌನ್ಸರ್ ಇದ್ದರು. ತಮ್ಮ ಕೋಣೆಯಿಂದ ಎಲ್ಲ ಕಾಣುತ್ತಿತ್ತು. ಓಡಿ ಹೋಗಬಹುದಿತ್ತು. ಮೈಕ್ ಬಿಡದೆ, ಪ್ರಯಾಣಿಕರು ಯಾವ ಕಡೆಯಿಂದ ಹೊರಗೆ ಹೋಗಬೇಕು ಅಂತ ಹೇಳುತ್ತಲೇ ಇದ್ದರು. ಎಷ್ಟೋ ಜನ ಆ ದನಿ ಕೇಳಿ ಪಾರಾದರು. ಇದನ್ನು ಮಕ್ಕಳಿಗೆ ಹೇಳಲು ನಾನು ಬೇರೆ ಏನೂ ಮಾಡಲಿಲ್ಲ. ದೀಪ ಆರಿಸಿ, ಒಬ್ಬ ಹುಡುಗಿಯ ಕೈಗೆ ಮೈಕ್ ಕೊಟ್ಟು, "ಪ್ರಯಾಣಿಕರೇ ದಯವಿಟ್ಟು ಗಮನಿಸಿ" ಅಂತ ನಮ್ಮ ಸ್ಟೇಷನ್ನಿನಲ್ಲಿ ಕೇಳುವ ಹಾಗೆಯೇ ಹೇಳಿಸಿದೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವಾಗ ನಾವೆಲ್ಲ ಕೇಳುವ ಮಾತು ಅಲ್ವಾ ಅದು. ಮುಂಬೈ ದೂರ ಅನ್ನಿಸಲಿಲ್ಲ.

ಕಾಮಾ ಆಸ್ಪತ್ರೆಯ ನರ್ಸ್ ಅಂಜಲಿ ಕುಲ್ಥೆ ಅವರದೂ ಹಾಗೇ. ವಾರ್ಡಿನಲ್ಲಿದ್ದ 20 ಗರ್ಭಿಣಿಯರನ್ನು ಮೂಲೆಯ ಪ್ಯಾಂಟ್ರಿ ಕೋಣೆಗೆ ಸೇರಿಸಿ ಬಾಗಿಲು ಹಾಕಿದರು. ಒಬ್ಬರಿಗೆ ನೋವು ಶುರುವಾಯಿತು. ಹೊರಗೆ ಗುಂಡಿನ ಸದ್ದು. ಗೋಡೆ ಹಿಡಿದುಕೊಂಡು ಆಕೆಯನ್ನು ಹೆರಿಗೆ ಕೋಣೆಗೆ ಕರೆದುಕೊಂಡು ಹೋದರು. ನಿಮ್ಮ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಯಾರು ಅಂತ ಯೋಚಿಸುತ್ತಿದ್ದರೆ, ನಮ್ಮ ಚಿಗಟೇರಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ಒಬ್ಬ ನರ್ಸನ್ನು ಕರೆಯಿರಿ. 108ರ ಡ್ರೈವರನ್ನು, ಅಗ್ನಿಶಾಮಕದವರನ್ನು ಕರೆಯಿರಿ. ಭಾಷಣ ಬೇಡ. ಕುಸಿದು ಬಿದ್ದವನ ಎದೆ ಒತ್ತುವುದು ಹೇಗೆ, ರಕ್ತ ನಿಲ್ಲಿಸುವುದು ಹೇಗೆ ಅಂತ ಅರ್ಧ ಗಂಟೆ ಕಲಿಸಿಕೊಡಲಿ. ಅವತ್ತೇ ರಕ್ತದಾನ ಶಿಬಿರ ಇಟ್ಟರೆ ಇನ್ನೂ ಒಳ್ಳೆಯದು.

ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಓದಿ ಬೆಳೆದವರು. ತಾಜ್ ಒಳಗೆ ಗಾಯಗೊಂಡ ಜೊತೆಗಾರನನ್ನು ಹೊರಗೆ ಕಳಿಸಿ ತಾವು ಒಬ್ಬರೇ ಮುಂದೆ ಹೋದರು, ಜೀವಂತ ತಿರುಗಿ ಬರಲಿಲ್ಲ. ಆಗ ಅವರ ವಯಸ್ಸು 31. ಅವತ್ತು ಪ್ರಾಣ ಕೊಟ್ಟ ಪೊಲೀಸ್ ಅಧಿಕಾರಿಗಳಾದ ಹೇಮಂತ್ ಕರ್ಕರೆ, ಅಶೋಕ್ ಕಾಮ್ಟೆ, ವಿಜಯ್ ಸಾಲಸ್ಕರ್, ನಾರಿಮನ್ ಹೌಸಿನಲ್ಲಿ ಪ್ರಾಣ ಬಿಟ್ಟ ಹವಿಲ್ದಾರ್ ಗಜೇಂದ್ರ ಸಿಂಗ್ ಇವರ ಹೆಸರೂ ಬರಲಿ.

ಇನ್ನು ಸುಮ್ಮನೆ ರೈಲಿಗೆ ಕಾಯುತ್ತಿದ್ದವರು. ಸಿಎಸ್‌ಟಿ ಒಂದರಲ್ಲೇ 50ಕ್ಕೂ ಜಾಸ್ತಿ ಜನ ಸತ್ತರು. ಊರಿಗೆ ಹೊರಟವರು, ಬ್ಯಾಗಿನ ಮೇಲೆ ತಲೆ ಇಟ್ಟು ಮಲಗಿದವರು. ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಮಕ್ಕಳಿದ್ದರು. ಇವರ ಫೋಟೋ ಯಾವ ಫ್ಲೆಕ್ಸಿನಲ್ಲೂ ಇರಲ್ಲ. ಒಂದು ಸಲ ಏಳನೇ ತರಗತಿಯ ಹುಡುಗಿ ಕೇಳಿದಳು, "ಸರ್, 166 ಅಂದ್ರಿ, ಇಲ್ಲಿ ಆರೇ ಜನ ಇದ್ದಾರಲ್ಲ?" ಉತ್ತರ ಹೊಳೆಯಲಿಲ್ಲ. ಮುಂದಿನ ವರ್ಷ 166 ಹಣತೆ ಇಟ್ಟೆವು. ನೀವೂ ಇಡಿ. ಸಂಖ್ಯೆ ಬಾಯಲ್ಲಿ ಹೇಳುವಾಗ ಚಿಕ್ಕದು. ಇಡಲು ಹೋದಾಗ ವೇದಿಕೆ ತುಂಬಿತು, ಮೆಟ್ಟಿಲು ತುಂಬಿತು, ಇನ್ನೂ ಮೂವತ್ತು ಉಳಿದವು, ಅಂಗಳಕ್ಕೆ ತಂದಿಟ್ಟೆವು. ಸಂಜೆಗಾಳಿಗೆ ಒಂದೊಂದೇ ಆರುತ್ತಿತ್ತು. ಯಾರೂ ಹೇಳದೆಯೇ ಮಕ್ಕಳು ಬಗ್ಗಿಬಗ್ಗಿ ಓಡಾಡುತ್ತಾ, ಒಂದೂ ಆರದ ಹಾಗೆ ಮತ್ತೆ ಮತ್ತೆ ಹಚ್ಚುತ್ತಿದ್ದರು.

ಅದೇ ದಿನ ಸಂವಿಧಾನ ದಿನವೂ ಹೌದು. ಬೆಳಿಗ್ಗೆ ಪೀಠಿಕೆ ಓದಿಸುತ್ತಾರೆ, ಇದಕ್ಕೆ ಸಮಯ ಇಲ್ಲ ಅಂತ ಕಾಲೇಜಿನವರು ಹೇಳಬಹುದು. ಜಗಳ ಮಾಡಬೇಡಿ, ಎರಡನ್ನೂ ಜೋಡಿಸಿ. ಸಿಕ್ಕಿಬಿದ್ದವನಿಗೂ ವಕೀಲರನ್ನು ಕೊಟ್ಟು, ಸುಪ್ರೀಂ ಕೋರ್ಟಿನವರೆಗೂ ವಿಚಾರಣೆ ನಡೆಸಿ, ಆಮೇಲೆ 2012ರಲ್ಲಿ ಶಿಕ್ಷೆ ಜಾರಿ ಮಾಡಿದ ದೇಶ ಇದು. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ನೆನೆಯುವ ಕಾರ್ಯಕ್ರಮ ಸಂಜೆ ಇಟ್ಟುಕೊಳ್ಳಿ. ಡಿಜೆ ಬೇಡ, ಕೂಗಾಟದ ಘೋಷಣೆ ಬೇಡ. ಫ್ಲೆಕ್ಸ್ ಹಾಕಲೇಬೇಕಾದರೆ ಅದರಲ್ಲಿ ಶುಭ ಕೋರುವವರ ಮುಖ ಒಂದೂ ಇರದಂತೆ ನೋಡಿಕೊಳ್ಳಿ.

ಹಣತೆ ಹೊಸದು ಕೊಳ್ಳಬೇಕಿಲ್ಲ. ದೀಪಾವಳಿಗೆ ಹಚ್ಚಿದ್ದು ಮನೆಮನೆಯಲ್ಲೂ ಇರುತ್ತವೆ, ನಿಟ್ಟುವಳ್ಳಿಯ ನಾಲ್ಕು ಬೀದಿ ಸುತ್ತಿದರೆ ಸಿಗುತ್ತವೆ. ಯಾಕೆ ಅಂತ ಕೇಳಿದವರಿಗೆ ಹೇಳಿ, ಅವರೂ ಬರುತ್ತಾರೆ. ಹಚ್ಚುವ ಮೊದಲು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ ಒರೆಸಿಡಿ. ಇಲ್ಲದಿದ್ದರೆ ಮಣ್ಣು ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ.