ವಿಯೆಟ್ನಾಂಗೆ ಒಬ್ಬನೇ ಬ್ಯಾಗ್ ಹೊತ್ತು ಹೊರಟಿದ್ದೇನೆ. ಪ್ರವಾಸಿಗರ ಜಾಗ ಬಿಟ್ಟು ಅಲ್ಲಿಯ ಅಸಲಿ ಬದುಕು ನೋಡೋದು ಹೇಗೆ?

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವನು, ನೇಕಾರರ ಊರು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ವಿಯೆಟ್ನಾಂನಲ್ಲಿ 18 ದಿನ ನಿಮ್ಮ ಹಾಗೇ ಒಬ್ಬನೇ ತಿರುಗಿ ಬಂದೆ. ಆದರೆ ಈ ‘ಅಸಲಿ’ ಅನ್ನೋ ಮಾತು ಕೇಳಿದರೆ ನನಗೆ ಸ್ವಲ್ಪ ಮುಜುಗರ. ಯಾಕೆ ಅಂತ ಮೊದಲು ಹೇಳ್ತೀನಿ.

ನಾನು ಹೈಸ್ಕೂಲಿನಲ್ಲಿದ್ದಾಗ ಬಾದಾಮಿ, ಪಟ್ಟದಕಲ್ಲು ನೋಡಲು ಬಂದಿದ್ದ ಇಬ್ಬರು ವಿದೇಶಿಯರನ್ನು ಯಾರೋ ನಮ್ಮ ಓಣಿಗೆ ಕರೆತಂದರು, ನೇಕಾರರ ಮನೆ ತೋರಿಸಲಿಕ್ಕೆ. ಒಳಗೆ ಬಂದು ಪವರ್‌ಲೂಮ್ ನೋಡಿದವರೇ ಕ್ಯಾಮೆರಾ ಮುಚ್ಚಿಬಿಟ್ಟರು. ಅವರಿಗೆ ಕೈಮಗ್ಗ ಬೇಕಿತ್ತು. ಅವ್ವ ಒಲೆ ಮೇಲೆ ಇಟ್ಟಿದ್ದ ಚಹಾ ಕುದಿಯೋದರೊಳಗೇ ಹೊರಟುಹೋದರು. “ನಾವೇನ್ ಸುಳ್ಳ ನೇಯ್ತೀವೇನೋ?” ಅಂದಳು ಅವ್ವ.

ಹನೋಯ್ ಪಕ್ಕದಲ್ಲೇ ವಾನ್ ಫುಕ್ ಅನ್ನೋ ರೇಷ್ಮೆ ನೇಕಾರರ ಊರಿದೆ. 2021ರಲ್ಲಿ ಶುರುವಾದ ಮೆಟ್ರೊ ಹತ್ತಿ ಹಾ ಡೋಂಗ್ ಕಡೆ ಇಳಿದು ನಡೆದುಕೊಂಡೇ ಹೋದೆ. ಪ್ರವಾಸಿಗರ ಪಟ್ಟಿಯಲ್ಲಿ ಇರೋ ಊರೇ. ತಲೆ ಮೇಲೆ ಬಣ್ಣಬಣ್ಣದ ಕೊಡೆ ತೂಗುಹಾಕಿದ ಬೀದಿ, ಎರಡೂ ಕಡೆ ಅಂಗಡಿ, ಫೋಟೊ ತೆಗೆಸಿಕೊಳ್ಳುವವರ ಸಾಲು. ಹತ್ತು ನಿಮಿಷಕ್ಕೇ ಬೇಸರ ಬಂತು. ವಾಪಸ್ ಹೊರಟವನಿಗೆ ಅಂಗಡಿಗಳ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಆ ಖಟಾಪಟಿ ಸದ್ದಿನಲ್ಲೇ ಮಲಗಿ ಬೆಳೆದವನು ನಾನು. ನಮ್ಮ ಮನೆಯಲ್ಲಿ ರಾತ್ರಿ ಕರೆಂಟ್ ಹೋಗಿ ಮಗ್ಗ ನಿಂತರೇ ಎಚ್ಚರಾಗೋದು.

ಸದ್ದು ಹಿಡಿದು ಓಣಿಯೊಳಗೆ ಹೋದೆ. ತಗಡಿನ ಛಾವಣಿಯ ಕೋಣೆ, ಮೇಲೆ ಜಕಾರ್ಡಿನ (ಬಟ್ಟೆಯಲ್ಲಿ ವಿನ್ಯಾಸ ಮೂಡಿಸೋ ಸಲಕರಣೆ) ರಟ್ಟಿನ ಮಾಲೆ, ಕೆಳಗೆ ಎಣ್ಣೆ ಜಿಡ್ಡು. ಐವತ್ತರ ಆಸುಪಾಸಿನ ಹೆಂಗಸು ಒಬ್ಬಳೇ ಎರಡು ಮಗ್ಗ ನೋಡಿಕೊಳ್ಳುತ್ತಿದ್ದಳು. ಬಾಗಿಲಲ್ಲೇ ನಿಂತು “ಚಿ ಓಯ್” ಅಂದೆ. ಚಿ ಅಂದರೆ ಅಕ್ಕ. ನೀವೂ ಇದೊಂದು ಕಲಿತುಕೊಂಡು ಹೋಗಿ. ಅಲ್ಲೂ ನಮ್ಮ ಹಾಗೇ ಅಕ್ಕ, ಅಣ್ಣ, ದೊಡ್ಡಪ್ಪ ಅಂತ ವಯಸ್ಸು ನೋಡಿ ಕರೀತಾರೆ. ಅವಳು ಅಂಗಡಿ ಇರೋ ಕಡೆ ಕೈ ತೋರಿಸಿದಳು. ಗಿರಾಕಿ ದಾರಿ ತಪ್ಪಿ ಬಂದ ಅಂದುಕೊಂಡಿರಬೇಕು. ಅಷ್ಟರಲ್ಲಿ ಈಚೆ ಮಗ್ಗದಲ್ಲಿ ಹಾಸಿನ (ಉದ್ದಕ್ಕೆ ಬಿಗಿದ) ಎಳೆ ಹರಿಯಿತು. ಅವಳು ಆಚೆ ಮಗ್ಗದಲ್ಲಿ ಲಾಳಿಗೆ ಕಂಡಿಕೆ (ನೂಲು ಸುತ್ತಿದ ಕಡ್ಡಿ) ಹಾಕುತ್ತಿದ್ದಳು. ನಾನು ಹರಿದ ಎಳೆಗೆ ಬೆರಳು ತೋರಿಸಿ ‘ಕಟ್ಟಲೇ?’ ಅಂತ ಸನ್ನೆ ಮಾಡಿದೆ. ಒಂದು ಕ್ಷಣ ನೋಡಿ ಮಗ್ಗ ನಿಲ್ಲಿಸಿದಳು.

ರೇಷ್ಮೆ ಎಳೆ, ನಮ್ಮ ಹತ್ತಿ ನೂಲಿನಂತಲ್ಲ, ಬೆರಳಿಗೇ ಸಿಗಲಿಲ್ಲ. ಎರಡು ಸಲ ಜಾರಿತು. ಮೂರನೇ ಸಲ ಗಂಟು ಕೂತಿತು. ಅವಳು ಜಗ್ಗಿ ನೋಡಿದಳು, ಉಳಿದ ತುದಿ ಕತ್ತರಿಸಿದಳು, ಆಮೇಲೆ ಒಳಗಿದ್ದ ಗಂಡನನ್ನು ಕೂಗಿ ಕರೆದಳು. ಪುಟ್ಟ ಕಪ್ಪಿನಲ್ಲಿ ಕಹಿ ಹಸಿರು ಚಹಾ ಬಂತು. ಸಕ್ಕರೆ, ಹಾಲು ಏನೂ ಇಲ್ಲ. ಎರಡು ತಾಸು ಕೂತೆ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಅವರು ಕೇಳಿದ್ದೆಲ್ಲ ನಮ್ಮ ಓಣಿಯಲ್ಲೂ ಕೇಳೋದೇ: ಮೀಟರಿಗೆ ಎಷ್ಟು ಬೀಳ್ತದೆ, ಕರೆಂಟ್ ಬಿಲ್ ಎಷ್ಟು, ಮಕ್ಕಳು ಮಗ್ಗಕ್ಕೆ ಕೂರ್ತಾರಾ.

ಹಾಗಾಗಿ ನಿಮಗೆ ಜಾಗದ ಹೆಸರು ಕೊಡೋ ಬದಲು ಒಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆತನದ ಕಸುಬು ಏನು, ಅಥವಾ ನಿಮ್ಮ ಕೈಗೆ ಬರೋ ಕೆಲಸ ಏನು? ಹೊಲ, ಗ್ಯಾರೇಜು, ಅಡುಗೆ, ಏನೇ ಇರಲಿ, ಅಲ್ಲಿ ಆ ಕೆಲಸ ಮಾಡೋರ ಹತ್ತಿರ ಹೋಗಿ. ‘ನಿಮ್ಮ ಸಂಸ್ಕೃತಿ ತೋರಿಸಿ’ ಅಂದರೆ ಯಾರಿಗಾದರೂ ಏನು ತೋರಿಸಬೇಕು ಅಂತ ತಿಳಿಯೋದಿಲ್ಲ.

ಊಟದ ಮಾತು. ಸಸ್ಯಾಹಾರಿ ಆಗಿದ್ದರೆ ಮೀನು ಹುಳಿ ಬರಿಸಿ ಮಾಡಿದ ಸಾಸ್ ಬಹಳ ಅಡುಗೆಯಲ್ಲಿ ಇರುತ್ತದೆ, ಎಚ್ಚರ. ‘ಅನ್ ಚೈ’ ಅಂದರೆ ಸಸ್ಯಾಹಾರ ತಿನ್ನೋದು. ರಾಗ (ದನಿಯ ಏರಿಳಿತ) ತಪ್ಪಿದರೆ ‘ಚೈ’ ಓಡು ಅಂತಲೂ ಆಗ್ತದೆ, ಸುಡು ಅಂತಲೂ ಆಗ್ತದೆ, ಅದಕ್ಕೇ ಬರೆದು ತೋರಿಸಿ. ಇನ್ನೊಂದು, ಅಲ್ಲಿಯ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ, ಬಹಳ ಮಂದಿ ಮಾಂಸ ಬಿಡ್ತಾರೆ. ಆವತ್ತು ‘ಕಮ್ ಚೈ’ (ಸಸ್ಯಾಹಾರಿ ಊಟ) ಬೋರ್ಡಿನ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರೋದಿಲ್ಲ. ನನಗೆ ಸಿಕ್ಕಿದ್ದು ಹುಣ್ಣಿಮೆ ದಿನ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಅಜ್ಜಿಯಂದಿರ ನಡುವೆ ಕೂತು ಉಂಡೆ. ಊರಲ್ಲಿ ಅಮಾಸಿಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವ ಮನೆಯವನಿಗೆ ಅದು ಪರದೇಶ ಅನ್ನಿಸಲಿಲ್ಲ.

ಬೈಕ್ ಬಾಡಿಗೆ ಆಸೆ ಇದ್ದರೆ ಕೇಳಿ. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ ಅಂತಾರಾಷ್ಟ್ರೀಯ ಲೈಸೆನ್ಸ್, ನಮ್ಮಲ್ಲಿ ಕೊಡೋದು 1949ರ ಜಿನೀವಾ ಒಪ್ಪಂದದ್ದು, ಹಾಗಾಗಿ ಅದು ಅಲ್ಲಿ ನಡೆಯೋದಿಲ್ಲ. ಬಾಡಿಗೆಯವನು ‘ಏನೂ ಆಗಲ್ಲ’ ಅಂತಾನೆ, ಅಪಘಾತ ಆದರೆ ಅವನು ಬರೋದಿಲ್ಲ. ಉತ್ತರದ ಗುಡ್ಡಗಾಡಿಗೆ ಹೋದಾಗ ನಾನು ಊರ ಹುಡುಗನೊಬ್ಬನ ಹಿಂದೆ ಕೂತೇ ಹೋದೆ. ಅವನು ತನ್ನ ಸೋದರಮಾವನ ಮನೆಗೂ ಕರೆದೊಯ್ದ.

ಅಂದಹಾಗೆ, ವಾನ್ ಫುಕ್ಕಿನ ಆ ಅಕ್ಕ ಹೊರಡುವಾಗ ಒಂದು ರೇಷ್ಮೆ ಕಂಡಿಕೆ ಕೈಗಿಟ್ಟಳು. ಅವ್ವನಿಗೆ ತಂದು ಕೊಟ್ಟೆ. ಹೆಬ್ಬೆರಳಿನಿಂದ ಎಳೆ ಬಿಡಿಸಿ ನೋಡಿ, “ಸಣ್ಣ ಆತು, ನಮ್ಮ ಲಾಳಿಗೆ ಕೂಡೂದಿಲ್ಲ” ಅಂದಳು. ಆದರೂ ದೇವರ ಮಾಡದಲ್ಲೇ ಇಟ್ಟಿದ್ದಾಳೆ.