ಅಪ್ಪ ಅಮ್ಮನ ವಯಸ್ಸು, ನಮ್ಮ ವಯಸ್ಸು, ಅಮೆರಿಕದ ಲೆಕ್ಕ

ನೀನು ಕೇಳಿದ್ದು ಮೂರು ಪ್ರಶ್ನೆ. ದಾವಣಗೆರೆಯಲ್ಲಿರುವ ಅಪ್ಪ ಅಮ್ಮನನ್ನು ಇಲ್ಲಿಗೇ ಕರೆಸಿಕೊಳ್ಳಬಹುದಾ? ಪ್ರತಿ ಸಂಬಳದಲ್ಲೂ ಹಿಡಿದುಕೊಳ್ಳುವ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿಯ ದುಡ್ಡು ಮುಂದೆ ಕೈಗೆ ಬರುತ್ತದಾ? ಆಂಟಿ, ನೀವು ಇಲ್ಲೇ ಇರ್ತೀರಾ, ಊರಿಗೆ ಹೋಗ್ತೀರಾ? ನ್ಯೂಜೆರ್ಸಿಯ ಎಡಿಸನ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಇಷ್ಟು ದೂರ ಯೋಚಿಸುತ್ತಿದ್ದೀಯ. ನಾವು ಬಂದ ಹೊಸದರಲ್ಲಿ ಹಳಬರನ್ನು ಕೇಳುತ್ತಿದ್ದದ್ದು ಒಳ್ಳೆ ತೊಗರಿಬೇಳೆ ಎಲ್ಲಿ ಸಿಗುತ್ತದೆ ಅಂತ. ನಿನಗೆ ನೀನು ಅಂತಲೇ ಬರೆಯುತ್ತೇನೆ, ನನ್ನ ಮಗಳಿಗಿಂತ ಚಿಕ್ಕವಳು.

ಮೊದಲು ಅಪ್ಪ ಅಮ್ಮ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ತಂದೆ ತಾಯಿಗೆ ಗ್ರೀನ್ ಕಾರ್ಡಿಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಅರ್ಜಿ ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರೂ ಹಾಕುವಂತಿಲ್ಲ. 21 ವರ್ಷ ತುಂಬಿದ ಅಮೆರಿಕನ್ ಸಿಟಿಜನ್ ಮಾತ್ರ ಹಾಕಬಹುದು. ಸಿಟಿಜನ್ ಆಗಬೇಕಾದರೆ ಗ್ರೀನ್ ಕಾರ್ಡ್ ಬಂದ ಮೇಲೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಆ ಗ್ರೀನ್ ಕಾರ್ಡಿನ ಕಥೆ ನಿನಗೂ ಗೊತ್ತು. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಯಾವ ದೇಶಕ್ಕೂ ಶೇ 7ರ ಮಿತಿ ಇದೆ, ನಮ್ಮವರ ಸಾಲು ಮೈಲುಗಟ್ಟಲೆ. ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡಿನ ಇಬಿ-2, ಇಬಿ-3 ವರ್ಗಗಳಲ್ಲಿ ಭಾರತದಲ್ಲಿ ಹುಟ್ಟಿದವರು 10 ವರ್ಷಕ್ಕೂ ಜಾಸ್ತಿ ಕಾಯುತ್ತಿದ್ದಾರೆ. ಈಗ ಬಂದು ನಿಲ್ಲುವವರದು ಇನ್ನೂ ಉದ್ದ.

ನಿನ್ನ ಅಪ್ಪನಿಗೆ 63 ಅಂದೆ. ಕಡಿಮೆ ಅಂದರೂ 10, ಆಮೇಲೆ 5. ಅವರಿಗೆ 78 ಆಯಿತು. ನೀನು ಸಿಟಿಜನ್ ಆದ ಮೇಲೆ ಅಪ್ಪ ಅಮ್ಮನಿಗೆ ಆ ಉದ್ದದ ಸಾಲು ಇಲ್ಲ, ಅರ್ಜಿ ಮುಗಿಯುವಷ್ಟು ಸಮಯ ಸಾಕು. ಆದರೆ ಇಲ್ಲಿಗೆ ಬಂದು ಇಳಿದ ದಿನವೇ ಮೆಡಿಕೇರ್, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆ, ಸಿಗುವುದಿಲ್ಲ. ಇಲ್ಲಿ ಕೆಲಸ ಮಾಡದೆ ಬಂದ ಹಿರಿಯರು ಗ್ರೀನ್ ಕಾರ್ಡಿನ ಮೇಲೆ ಸತತ 5 ವರ್ಷ ಇರಬೇಕು, ಆಮೇಲೆ ದುಡ್ಡು ಕೊಟ್ಟು ಕೊಳ್ಳಬೇಕು. 2025ರಲ್ಲಿ ಆಸ್ಪತ್ರೆ ಭಾಗಕ್ಕೆ ತಿಂಗಳಿಗೆ 518 ಡಾಲರ್, ಡಾಕ್ಟರ್ ಭಾಗಕ್ಕೆ 185. ಅದೂ ಒಬ್ಬರಿಗೆ. ಅಪ್ಪನಿಗೆ ಆಗ 83. ನಡುವಿನ 5 ವರ್ಷ, ಸ್ವಂತ ಆರೋಗ್ಯ ವಿಮೆ ಕೊಳ್ಳಲು ಸರ್ಕಾರ ಮಾಡಿಟ್ಟ ಮಾರ್ಕೆಟ್‌ಪ್ಲೇಸ್ ಪಾಲಿಸಿ ಕೊಳ್ಳಬಹುದು. ಅದಕ್ಕೆ ಕೋವಿಡ್ ಕಾಲದಲ್ಲಿ ಹೆಚ್ಚಿಸಿದ್ದ ಸಹಾಯಧನ 2025ರ ಕೊನೆಗೆ ಮುಗಿಯಿತು. ಕಂತು ಎಷ್ಟು ಏರಿತು ಅಂತ ನಿನ್ನ ಆಫೀಸಿನಲ್ಲಿ ಯಾರನ್ನಾದರೂ ಕೇಳಿ ನೋಡು.

ಈ ಲೆಕ್ಕವನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ‘ಗ್ರೀನ್ ಕಾರ್ಡ್ ಬರಲಿ, ಆಮೇಲೆ ಅವರನ್ನು ಕರೆಸೋಣ’ ಅಂತ ಊರಿನ ಕೆಲಸಗಳನ್ನು ಮುಂದೂಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಮನೆಗೆ ಲಿಫ್ಟ್ ಹಾಕಿಸುವುದಿಲ್ಲ, ಜೊತೆಗೆ ಒಬ್ಬರನ್ನು ಇಡುವುದಿಲ್ಲ, ಹೇಗೂ ಅಮೆರಿಕಕ್ಕೆ ಬರ್ತಾರಲ್ಲ ಅಂತ. ಅವರ ವಯಸ್ಸು, ಗ್ರೀನ್ ಕಾರ್ಡಿನ ಸಾಲು ಎಲ್ಲಿಗೆ ಬಂತು ಅಂತ ಹೇಳುವ ವೀಸಾ ಬುಲೆಟಿನ್ ನೋಡಿಕೊಂಡು ಕಾಯುತ್ತಾ ಕೂರುವುದಿಲ್ಲ.

ವಿಸಿಟರ್ ವೀಸಾದಲ್ಲಿ ಕರೆಸು. ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಒಳ್ಳೆಯದು. ಜನವರಿಯಲ್ಲಿ ಕರೆಸಿದರೆ ಕಿಟಕಿ ಪಕ್ಕ ಕೂತು ಹಿಮ ನೋಡುವುದೇ ಕೆಲಸ. ಇನ್ಶೂರೆನ್ಸ್ ಕೊಳ್ಳುವಾಗ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಓದು. ನಮ್ಮ ಅತ್ತೆ ಬಂದಿದ್ದಾಗ ಬಾತ್‌ರೂಮಿನಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಕಂಪನಿಯವರು, ಮೂಳೆ ಸವೆದಿದ್ದು ಹಳೇ ಕಾಯಿಲೆ, ಅದಕ್ಕೆ ನಾವು ಕೊಡೋಲ್ಲ ಅಂದರು. ಪಾಲಿಸಿಯ ಹೆಸರಿನಲ್ಲಿ ‘ಪೂರ್ತಿ ರಕ್ಷಣೆ’ ಅಂತ ಇತ್ತು, ನೋಡು! ಆಸ್ಪತ್ರೆಯ ಬಿಲ್ಲಿಂಗ್ ಆಫೀಸಿನಲ್ಲಿ ಕೂತು ಚೌಕಾಸಿ ಮಾಡಿ, ಕಂತು ಕಟ್ಟಿ ತೀರಿಸಿದೆವು. ಹೌದು, ಇಲ್ಲಿ ಆಸ್ಪತ್ರೆ ಬಿಲ್ಲಿಗೂ ಚೌಕಾಸಿ ನಡೆಯುತ್ತದೆ. ಒಂದೊಂದು ಚಿಕಿತ್ಸೆಗೆ ಇಷ್ಟೇ ಡಾಲರ್ ಅಂತ ಕಟ್ಟಿಟ್ಟ ಅಗ್ಗದ ಪಾಲಿಸಿ ಬೇಡ. ಹಳೇ ಕಾಯಿಲೆ ಏಕಾಏಕಿ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆ ಅನ್ನುವ ಸಾಲು ಹುಡುಕು. ಆ ಸಾಲಿಗೇ ನೀನು ದುಡ್ಡು ಕೊಡುತ್ತಿರುವುದು.

ಇನ್ನೊಂದು ಮಾತು, ಇದು ಯಾವ ಫಾರಂನಲ್ಲೂ ಇರುವುದಿಲ್ಲ. ಕಾರು ಓಡಿಸಲು ಬಾರದ ಹಿರಿಯರಿಗೆ ಇಲ್ಲಿ ಮನೆಯಿಂದ ಆಚೆ ಹೋಗುವುದೇ ಇನ್ನೊಬ್ಬರ ದಯೆ. ನಮ್ಮ ಕಡೆ ಹಿರಿಯರ ಡೇ ಕೇರ್‌ಗಳಿವೆ. ಬೆಳಿಗ್ಗೆ ವ್ಯಾನ್ ಬರುತ್ತದೆ, ಊಟ, ಭಜನೆ, ಬಿಪಿ ನೋಡುವ ನರ್ಸ್ ಎಲ್ಲ ಇದೆ. ಬಹಳ ಜನರ ಖರ್ಚನ್ನು ಕೊಡುವುದು ಮೆಡಿಕೇಯ್ಡ್, ಅದು ಆದಾಯ ಕಡಿಮೆ ಇದ್ದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ವಿಸಿಟರ್‌ಗಳಿಗಲ್ಲ. ಅಲ್ಲಿ ಮಾತೂ ಗುಜರಾತಿ. ಪರಿಚಯದ ಮಂಡ್ಯದ ಅಜ್ಜ ಒಬ್ಬರು ಈಗ ಗುಜರಾತಿಯಲ್ಲೇ ಜಗಳ ಆಡುವಷ್ಟು ಕಲಿತಿದ್ದಾರೆ. ಎಲ್ಲರಿಗೂ ಆ ಚೈತನ್ಯ ಇರುವುದಿಲ್ಲ. ದಾವಣಗೆರೆಯಲ್ಲಿ ನಿನ್ನ ಅಮ್ಮನಿಗೆ ಬೀದಿ ತುಂಬ ಜನ ಇದ್ದಾರೆ. ನನ್ನನ್ನು ಕೇಳಿದರೆ ಅವರು ಅಲ್ಲೇ ಇರಲಿ, ದುಡ್ಡು ಇಲ್ಲಿಂದ ಹೋಗಲಿ. 70 ತುಂಬಿದವರಿಗೆ ಆದಾಯ ಎಷ್ಟೇ ಇರಲಿ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ ಅಂತ 2024ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದೆ. ಅದನ್ನೇ ನಂಬಿ ಕೂರಬೇಡ, ಖಾಸಗಿ ಪಾಲಿಸಿಯನ್ನು ಅಪ್ಪನಿಗೆ ಈಗಲೇ ಮಾಡಿಸು. 65 ದಾಟಿದವರಿಗೂ ಹೊಸ ಪಾಲಿಸಿ ಕೊಡಬಹುದು ಅಂತ ನಿಯಮ ಬದಲಾಗಿದೆ. ಆದರೂ ವಯಸ್ಸಾದಷ್ಟೂ ಕಂತು ದುಬಾರಿ.

ಈಗ ನಿನ್ನ ಸಂಬಳದ ಚೀಟಿ. ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಕಟ್. ಕಂಪನಿಯೂ ಅಷ್ಟೇ ಕಟ್ಟುತ್ತದೆ. ದುಡಿಮೆಗೆ ಸಿಗುವ ಅಂಕ, ಅಂದರೆ ಕ್ರೆಡಿಟ್, 40 ಆದರೆ ಪಿಂಚಣಿಗೆ ಹಕ್ಕು. ವರ್ಷಕ್ಕೆ 4ಕ್ಕಿಂತ ಜಾಸ್ತಿ ಸಿಗುವುದಿಲ್ಲ, ಅಂದರೆ 10 ವರ್ಷ ಕೆಲಸ. 9 ವರ್ಷಕ್ಕೆ ಊರಿಗೆ ಹೊರಟರೆ ಪಿಂಚಣಿಯೂ ಇಲ್ಲ, ಕಟ್ಟಿದ್ದೂ ವಾಪಸ್ ಇಲ್ಲ. ಎಷ್ಟೋ ದೇಶಗಳ ಜೊತೆ ಅಮೆರಿಕಕ್ಕೆ ಇದರ ಬಗ್ಗೆ ಒಪ್ಪಂದ ಇದೆ. ಅಲ್ಲಿ ದುಡಿದ ವರ್ಷಗಳನ್ನೂ ಇಲ್ಲಿ ಸೇರಿಸಿಕೊಳ್ಳುತ್ತಾರೆ. ಭಾರತದ ಜೊತೆ ಇಲ್ಲ. ದೆಹಲಿ ಕೇಳುತ್ತಲೇ ಇದೆ, ವಾಷಿಂಗ್ಟನ್ ಕೇಳಿಸಿಕೊಳ್ಳುತ್ತಲೇ ಇದೆ. ನಮ್ಮ ಹುಡುಗರು ವರ್ಷಗಟ್ಟಲೆ ಕಟ್ಟಿ, ಬರಿಗೈಲಿ ಹೋಗುವುದು ಶುದ್ಧ ಅನ್ಯಾಯ.

ಆ ದುಡ್ಡು ಮುಳುಗಿ ಹೋಗುತ್ತದೆ ಅಂತ ಫೋನಿನಲ್ಲಿ ಬರುವ ವಿಡಿಯೋಗಳನ್ನು ನೋಡಿ ನಿದ್ದೆ ಕೆಡಿಸಿಕೊಳ್ಳಬೇಡ. ಸೋಷಿಯಲ್ ಸೆಕ್ಯುರಿಟಿ ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತರ ನಿಧಿಯ ಉಳಿತಾಯ ಖಾಲಿಯಾಗುವುದು 2033ರಲ್ಲಿ. ಆಮೇಲೂ ದುಡಿಯುವವರ ತೆರಿಗೆ ಬರುತ್ತಲೇ ಇರುತ್ತದಲ್ಲ, ಅದರಿಂದ ಪಿಂಚಣಿಯ ಶೇ 77ರಷ್ಟು ಕೊಡಬಹುದು. 1983ರಲ್ಲೂ ಹೀಗೇ ತಳ ಕಂಡಿತ್ತು. ಆಗ ಅಧ್ಯಕ್ಷ ರೇಗನ್ ಕಾಲದಲ್ಲಿ ಎರಡೂ ಪಕ್ಷ ಕೂತು ನಿವೃತ್ತಿ ವಯಸ್ಸನ್ನು ನಿಧಾನವಾಗಿ 65ರಿಂದ 67ಕ್ಕೆ ಏರಿಸಿದವು. ಈ ಸಲವೂ ಕೊನೇ ಗಳಿಗೆಯಲ್ಲಿ ಏನೋ ಮಾಡುತ್ತಾರೆ ಅಂತ ನನ್ನ ಎಣಿಕೆ. 2025ರಲ್ಲಿ ವರ್ಷದ ಸಂಬಳದಲ್ಲಿ 1,76,100 ಡಾಲರ್ ದಾಟಿದ ಭಾಗಕ್ಕೆ ಸೋಷಿಯಲ್ ಸೆಕ್ಯುರಿಟಿ ತೆರಿಗೆಯೇ ಇರಲಿಲ್ಲ. ಮೊದಲು ಆ ಮಿತಿ ಏರಿಸಲಿ, ನಮ್ಮಂಥವರ ಪಿಂಚಣಿಗೆ ಆಮೇಲೆ ಕೈ ಹಾಕಲಿ. ಇದನ್ನು ನಮ್ಮ ಮನೆಯಲ್ಲಿ ಹೇಳಿದರೆ ಯಜಮಾನರು ಟಿವಿ ಸೌಂಡು ಜಾಸ್ತಿ ಮಾಡುತ್ತಾರೆ.

ಎಚ್-1ಬಿ ಮೇಲಿನ ಒಂದು ಲಕ್ಷ ಡಾಲರ್ ಶುಲ್ಕದ ಬಗ್ಗೆಯೂ ನೀನು ಬರೆದಿದ್ದೆ. 2025ರ ಸೆಪ್ಟೆಂಬರಿನಲ್ಲಿ ಆ ಘೋಷಣೆ ಬಂದ ರಾತ್ರಿ ಊರಿಗೆ ಹೋಗಿದ್ದವರು ಸಿಕ್ಕಿದ ಟಿಕೆಟ್ ಕೊಂಡು ಓಡಿ ಬಂದರು. ಮಾರನೇ ದಿನ ಸರ್ಕಾರವೇ, ಇದು ಹೊಸ ಅರ್ಜಿಗಳಿಗೆ, ಈಗ ವೀಸಾ ಇದ್ದವರಿಗಲ್ಲ ಅಂದಿತು. ಇಂಥದ್ದು ಇನ್ನೂ ಬರುತ್ತವೆ. ವಕೀಲರನ್ನು ಕೇಳು, ವಾಟ್ಸಾಪನ್ನಲ್ಲ.

ಕೊನೇ ಪ್ರಶ್ನೆ. ನಾವು ಇಲ್ಲೇ ಇರುತ್ತೇವೆ. ಕಾರಣದಲ್ಲಿ ದೇಶಪ್ರೇಮವೂ ಇಲ್ಲ, ದ್ರೋಹವೂ ಇಲ್ಲ. ಸಿಟಿಜನ್ ಆದವರಿಗೆ ಸೋಷಿಯಲ್ ಸೆಕ್ಯುರಿಟಿ ಮೈಸೂರಿನಲ್ಲಿದ್ದರೂ ಬರುತ್ತದೆ. ಮೆಡಿಕೇರ್ ಬರುವುದಿಲ್ಲ, ಭಾರತದ ಆಸ್ಪತ್ರೆಗೆ ಅದು ಒಂದು ಡಾಲರನ್ನೂ ಕೊಡುವುದಿಲ್ಲ. ಡಾಕ್ಟರ್ ಭಾಗವನ್ನು ಬಿಟ್ಟು ಹೋಗಿ ಮತ್ತೆ ಸೇರಿದರೆ, ತಪ್ಪಿಸಿದ ಒಂದೊಂದು ಪೂರ್ತಿ ವರ್ಷಕ್ಕೂ ಕಂತಿನ ಮೇಲೆ ಶೇ 10 ದಂಡ, ಅದೂ ಸಾಯುವವರೆಗೆ. ಯಜಮಾನರ ಹೃದಯಕ್ಕೆ ಎರಡು ಸ್ಟೆಂಟ್ ಇವೆ. ಮಕ್ಕಳು, ಮೊಮ್ಮಕ್ಕಳು ಒಂದು ಗಂಟೆ ದಾರಿಯಲ್ಲಿದ್ದಾರೆ. ವೀಸಾ ಇಲ್ಲದೆ ಭಾರತಕ್ಕೆ ಹೋಗಿ ಬರಲು ಒಸಿಐ ಕಾರ್ಡ್ ಇದೆ, ಚಳಿಗಾಲದಲ್ಲಿ ಮೈಸೂರಿಗೆ ಹೋಗಿ ಬರುತ್ತೇವೆ. ಕನ್ನಡ ಕೂಟದ ನಮ್ಮ ವಯಸ್ಸಿನ ಕೆಲವರು ಬೆಂಗಳೂರಿನ ಹಿರಿಯರ ಅಪಾರ್ಟ್‌ಮೆಂಟ್‌ಗಳಲ್ಲಿ ಸುಖವಾಗಿದ್ದಾರೆ, ಅದೂ ನಿಜ. ಅಲ್ಲಿ ಕೈಗೆ ಆಳು ಸಿಗುತ್ತಾರೆ. ಇಲ್ಲಿ ಮನೆಗೆ ಬಂದು ಸ್ನಾನ ಮಾಡಿಸಿ ಊಟ ಕೊಡುವವರಿಗೆ ಗಂಟೆಗೆ 30 ಡಾಲರ್ ಆಸುಪಾಸು.

ಇಲ್ಲಿನ ನಮ್ಮವರು ಮೈಮರೆಯುವುದು ಇಲ್ಲೇ. ಮೆಡಿಕೇರ್ ಇದೆಯಲ್ಲ, ವಯಸ್ಸಾದರೆ ನೋಡಿಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಅದು ಕೊಡುವುದು, ಆಸ್ಪತ್ರೆಯಲ್ಲಿ 3 ದಿನ ಒಳರೋಗಿಯಾಗಿದ್ದು ಬಂದ ಮೇಲೆ ನರ್ಸಿಂಗ್ ಹೋಮ್ ಅನ್ನುವ ಆರೈಕೆ ಕೇಂದ್ರದಲ್ಲಿ ಹೆಚ್ಚೆಂದರೆ 100 ದಿನ, ಅದರಲ್ಲಿ ಪೂರ್ತಿ ಖರ್ಚು ಮೊದಲ 20 ದಿನಕ್ಕೆ ಮಾತ್ರ. ಮರೆವಿನ ಕಾಯಿಲೆ ಬಂದು ದಿನಾ ಒಬ್ಬರು ಜೊತೆಗಿರಬೇಕಾದರೆ ಮೆಡಿಕೇರ್ ಕೈ ಎತ್ತುತ್ತದೆ. ಉಳಿಸಿದ್ದೆಲ್ಲ ಖರ್ಚಾದ ಮೇಲೆ ಮೆಡಿಕೇಯ್ಡ್ ಬರುತ್ತದೆ. ಮನೆಯನ್ನು ಮಕ್ಕಳ ಹೆಸರಿಗೆ ಮಾಡಿಬಿಡೋಣ ಅಂದರೆ ಹಿಂದಿನ 5 ವರ್ಷದ ಲೆಕ್ಕ ತೆಗೆದು ನೋಡುತ್ತಾರೆ. ನಾವಿಬ್ಬರೂ ಹೆಲ್ತ್ ಕೇರ್ ಪ್ರಾಕ್ಸಿ ಬರೆದಿಟ್ಟಿದ್ದೇವೆ. ನಮಗೆ ಮಾತು ನಿಂತರೆ ಯಾರು ತೀರ್ಮಾನ ಮಾಡಬೇಕು, ವೆಂಟಿಲೇಟರ್ ಬೇಕಾ ಬೇಡವಾ ಅಂತ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ಹೇಳಿದಂತೆ, ಇಂಥ ಮುಂಚಿನ ಇಚ್ಛಾಪತ್ರಕ್ಕೆ ಆದೇಶ ಹೊರಡಿಸಿದೆ. ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ನಿವೃತ್ತ ಶಿಕ್ಷಕಿ ಕರಿಬಸಮ್ಮ ನಿಮ್ಮ ದಾವಣಗೆರೆಯವರೇ. ನಿನ್ನ ಅಪ್ಪನ ಜೊತೆ ಈ ಮಾತು ಎತ್ತಲು ಅವರ ಹೆಸರಿನಿಂದಲೇ ಶುರು ಮಾಡಬಹುದು.

ಬೇಸಿಗೆಗೆ ಅವರನ್ನು ಕರೆಸುವುದಾದರೆ ಪಾಲಿಸಿ ಕೊಳ್ಳುವ ಮೊದಲು ನನಗೆ ಕಳಿಸು, ಓದಿ ಹೇಳುತ್ತೇನೆ. ಅಪ್ಪನ ಶುಗರ್, ಬಿಪಿ ಮಾತ್ರೆಗಳ ಚೀಟಿಯನ್ನೂ ಫೋಟೋ ತೆಗೆಸಿ ಇಟ್ಟುಕೋ.