‘ಅಭ್ಯಾಸ ಆಗುತ್ತೆ’ ಅಂದರು, ಎರಡು ತಿಂಗಳಾಯಿತು

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗಿನಿಂದ ಅದರಲ್ಲಿ ಓಡಾಡಿ ರೂಢಿಯಾಗಿತ್ತು. ಆ ಧೈರ್ಯದ ಮೇಲೆ ಯುಗಾದಿಗೆ ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್ ಕೊಂಡೆ. ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತವೆ. ಕತ್ತು ಬಿಗಿಯುತ್ತದೆ. ಕೂರುವ ಜಾಗದ ನೋವಂತೂ ಯಾರಲ್ಲೂ ಹೇಳಿಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲಿ ಕೇಳಿದರೆ ‘ಅಭ್ಯಾಸ ಆಗುತ್ತೆ ಮೇಡಂ’ ಅನ್ನುತ್ತಾರೆ. ಎರಡು ತಿಂಗಳಾಯಿತು. ಮಾರಿಬಿಡಲೇ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಮಾರಬೇಡಿ. ನೀವು ಬರೆದ ಮೂರು ತೊಂದರೆಗಳೂ ನನಗೆ ಆಗಿದ್ದವು. ನಾನು ಬೆಳೆದದ್ದು ವಿಜಯಪುರದಲ್ಲಿ. ಬೆಳಗಿನ ಜಾವ ಸೈಕ್ಲಿಂಗ್ ಹುಡುಗ ಹುಡುಗಿಯರು ಬೆನ್ನು ಬಗ್ಗಿಸಿಕೊಂಡು ಸಾಲಾಗಿ ಹೋಗುವುದನ್ನು ನೋಡುತ್ತಲೇ ದೊಡ್ಡವಳಾದೆ. 41ನೇ ವಯಸ್ಸಿನಲ್ಲಿ ನನ್ನದೇ ರೋಡ್ ಬೈಕ್ ಬಂದಾಗ ಮೊದಲ ದಿನದಿಂದಲೇ ಅವರ ಹಾಗೆ ಕೂತೆ. ಆರು ತಿಂಗಳು ಹಲ್ಲುಕಚ್ಚಿ ಓಡಿಸಿದೆ. ಸೈಕಲ್ ಹೊಡೆದು ಬಂದ ದಿನ ರವಿಕೆಯ ಹುಕ್ಕು ಹಾಕಲು ಬೆರಳು ಮಾತು ಕೇಳುತ್ತಿರಲಿಲ್ಲ. ಅದನ್ನೂ ಅಭ್ಯಾಸದ ಲೆಕ್ಕಕ್ಕೆ ಬರೆದುಕೊಂಡೆ. ಆ ಆರು ತಿಂಗಳು ನಿಮಗೆ ಬೇಡ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಭ್ಯಾಸದಿಂದ ಹೋಗುವ ನೋವು ಇದೆ. ಹೊಸದರಲ್ಲಿ ಪೃಷ್ಠದ ಎರಡು ಮೂಳೆ ಸೀಟಿಗೆ ತಾಗುವ ಕಡೆ ಆಗುವ ನೋವು ಎರಡು ಮೂರು ವಾರದಲ್ಲಿ ತಗ್ಗುತ್ತದೆ. ಭುಜದ ಆಯಾಸ, ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿಯಲು ಭಯ, ಇವೂ ಹಾಗೆಯೇ. ಆದರೆ ಜೋಮು, ಮಂಡಿ ನೋವು, ಮೂಳೆಯ ಮೇಲಲ್ಲದೆ ಮುಂದಿನ ಮೃದು ಭಾಗದಲ್ಲಿ ಆಗುವ ಉರಿ, ಇವು ಎಷ್ಟು ಸಹಿಸಿದರೂ ಹೋಗುವುದಿಲ್ಲ. ಸೈಕಲ್ ನಿಮ್ಮ ಅಳತೆಗೆ ಕೂತಿಲ್ಲ ಎಂದು ಮೈ ಹೇಳುತ್ತಿದೆ.

ಜೋಮಿನಿಂದ ಶುರು ಮಾಡೋಣ. ಆ ಎರಡು ಬೆರಳಿಗೆ ಹೋಗುವ ನರ ಅಂಗೈಯ ಹೊರ ಅಂಚಿನ ಬುಡದಲ್ಲಿ ಹಾದುಹೋಗುತ್ತದೆ. ಮೈಭಾರ ಅಲ್ಲಿ ಊರಿದರೆ ನರ ಒತ್ತಿಕೊಳ್ಳುತ್ತದೆ. ಹಾಗಾದರೆ ಕೈಗೆ ಅಷ್ಟು ಭಾರ ಬಂದದ್ದು ಎಲ್ಲಿಂದ? ಎಷ್ಟೋ ಸಲ ಸೀಟಿನಿಂದ. ಕೂರುವ ಜಾಗ ನೋಯುತ್ತದೆ ಎಂದು ಸೀಟಿನ ಮೂತಿಯನ್ನು ಕೆಳಗೆ ಬಾಗಿಸುತ್ತೇವೆ. ಆಗ ಮೈ ಮುಂದೆ ಜಾರುತ್ತಲೇ ಇರುತ್ತದೆ, ಅದನ್ನು ತಡೆಯುವ ಕೆಲಸ ಅಂಗೈ ಮೇಲೆ ಬೀಳುತ್ತದೆ. ನಾನು ಮಾಡಿಕೊಂಡದ್ದು ಇದನ್ನೇ. ಮನೆ ಹತ್ತಿರ ಗಾರೆ ಕೆಲಸ ಮಾಡುತ್ತಿದ್ದ ಮೇಸ್ತ್ರಿಯ ರಸಮಟ್ಟ ಇಸ್ಕೊಂಡು ಸೀಟಿನ ಮೇಲಿಟ್ಟು ನೋಡಿದಾಗ ಗುಳ್ಳೆ ಒಂದು ಕೊನೆಗೆ ಓಡಿತು! ಸಮ ಮಾಡಿದ ವಾರದಲ್ಲೇ ಅರ್ಧ ಜೋಮು ಹೋಯಿತು. ನೀವೂ ಮೊದಲು ರಸಮಟ್ಟ ಇಟ್ಟು ನೋಡಿ.

ಆಮೇಲೆ ಸೀಟಿನ ಎತ್ತರ. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಓಡಿಸುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುತ್ತದಲ್ಲ, ಆಗ ಮಂಡಿ ತಾನಾಗಿ ಸ್ವಲ್ಪ ಮಡಿಸಿಕೊಳ್ಳುತ್ತದೆ. ಮುಂದೆ ಮಂಡಿಯ ಎದುರು ಭಾಗ ನೋಯ್ದರೆ ಸೀಟು ತಗ್ಗಿದೆ, ಹಿಂಭಾಗ ನೋಯ್ದರೆ ಎತ್ತರವಾಗಿದೆ ಎಂದು ಅನುಮಾನಿಸಿ ಮೂರು ಮೂರು ಮಿಲಿಮೀಟರ್ ಸರಿಸಿ. ಸೀಟಿನ ಕಂಬದಲ್ಲಿ ಕೊರೆದಿರುವ ಗೆರೆ ಕಾಣುವಷ್ಟು ಮೇಲೆ ಎಳೆಯಬೇಡಿ.

ಇನ್ನು ಹೇಳಿಕೊಳ್ಳಲಾಗದ ನೋವು. ಇದನ್ನು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳಲೇಬೇಕು. ನಾಚಿಕೆಯಿಂದಲೇ ಎಷ್ಟು ಒಳ್ಳೆಯ ಸೈಕಲ್ಲುಗಳು ಬಾಲ್ಕನಿ ಸೇರಿವೆ ಎಂದು ನೆನೆದರೆ ಸಂಕಟವಾಗುತ್ತದೆ. ಮೆತ್ತನೆಯ ಜೆಲ್ ಕವರ್ ಕೊಳ್ಳಬೇಡಿ. ಮೂಳೆ ಅದರಲ್ಲಿ ಹೂತು, ನಡುವಿನ ಮೆತ್ತೆ ಮೃದು ಭಾಗವನ್ನೇ ಒತ್ತುತ್ತದೆ. ಬೇಕಾದದ್ದು ನಿಮ್ಮ ಮೂಳೆಗಳ ಅಗಲಕ್ಕೆ ಹೊಂದುವ, ನಡುವೆ ಖಾಲಿ ಬಿಟ್ಟ ಜಾಗವಿರುವ ಸೀಟು. ಅಳತೆ ಮನೆಯಲ್ಲೇ ಸಿಗುತ್ತದೆ: ಮೆಟ್ಟಿಲ ಮೇಲೆ ರಟ್ಟಿನ ಡಬ್ಬಿಯ ಪದರ ಪದರದ ರಟ್ಟು ಹಾಸಿ, ಮಂಡಿ ಎತ್ತಿ ಗಟ್ಟಿಯಾಗಿ ಕೂತು ಏಳಿ. ಎರಡು ಗುಳಿ ಬಿದ್ದಿರುತ್ತವೆ. ಗುಳಿಯ ನಡುವಿನಿಂದ ನಡುವಿಗೆ ಸ್ಕೇಲು ಇಟ್ಟು, ಬಂದ ಅಳತೆಗೆ 20ರಿಂದ 30 ಮಿಲಿಮೀಟರ್ ಸೇರಿಸಿ. ಅಷ್ಟು ಅಗಲದ ಸೀಟು ಕೇಳಿ. ಗಣಿತದ ಮೇಡಂಗೆ ಇದು ಕಷ್ಟವಲ್ಲ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಒಳ ಉಡುಪು ಹಾಕಬಾರದು. ಅದರ ಹೊಲಿಗೆಯೇ ಉಜ್ಜಿ ಚರ್ಮ ಕಿತ್ತುಬರುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪ್ರತಿ ಸಲ ಒಗೆದೇ ಹಾಕಿಕೊಳ್ಳಿ. ಮೇಲೆ ಸಡಿಲ ಪ್ಯಾಂಟು ಹಾಕಿಕೊಂಡರೂ ಅಡ್ಡಿಯಿಲ್ಲ.

ಕತ್ತಿಗೆ: ಹೆಲ್ಮೆಟ್ಟಿಗೆ ಮುಂದೆ ಚಾಚಿದ ಟೋಪಿಯಂಥ ತುಂಡು ಇದ್ದರೆ ಕಿತ್ತಿಡಿ. ಬಗ್ಗಿ ಕೂತಾಗ ಅದು ರಸ್ತೆಗೆ ಅಡ್ಡ ಬರುತ್ತದೆ, ನೋಡಲು ಕತ್ತು ಇನ್ನಷ್ಟು ಎತ್ತಬೇಕಾಗುತ್ತದೆ. ಹ್ಯಾಂಡಲ್ ತಗ್ಗಾಗಿದ್ದರೆ ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಅನ್ನು ತಿರುಗಿಸಿ ಮೇಲ್ಮುಖ ಮಾಡಿಸಬಹುದು. ಹೆಚ್ಚಿನ ಸೈಕಲ್ಲುಗಳಲ್ಲಿ ಇದಕ್ಕೆ ಹೊಸ ಸಾಮಾನೇ ಬೇಡ. ದೂರ ಅನ್ನಿಸಿದರೆ ಚಿಕ್ಕ ಸ್ಟೆಮ್ ಹಾಕಿಸಿ. ಈ ಕೆಲಸ ಮಾತ್ರ ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಆಗಲಿ, ಬೋಲ್ಟು ಸಡಿಲ ಉಳಿದರೆ ಹ್ಯಾಂಡಲ್ ತಿರುಗಿಬಿಡುತ್ತದೆ.

ಬಹಳ ಹೊತ್ತು ಬ್ರೇಕ್ ಲಿವರಿನ ಮೇಲಿನ ರಬ್ಬರ್ ಗುಬ್ಬಿನಲ್ಲೇ ಕೈ ಇರಲಿ, ಮೊಣಕೈ ಸ್ವಲ್ಪ ಮಡಿಸಿರಲಿ. ಹಾರ್ಮೋನಿಯಂ ನುಡಿಸುವ ಹಾಗೆ ಬೆರಳು ಆಡಿಸಲು ಬರುತ್ತಿದ್ದರೆ ಹಿಡಿತ ಸರಿಯಿದೆ. ಕೆಳಗಿನ ಬಾಗು ಸದ್ಯ ಬೇಡ. ಹಂಪ್ ಬಂದಾಗ ಎರಡೂ ಪೆಡಲ್ ಸಮ ತಂದು ಸೀಟಿನಿಂದ ಒಂದು ಅಂಗುಲ ಏಳಿ.

ಗಾಳಿಯನ್ನೂ ನೋಡಿ. ಟೈರಿನ ಪಕ್ಕದಲ್ಲಿ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂಬುದರ ಜೊತೆ ಅಚ್ಚಾಗಿರುವ ದೊಡ್ಡ ಸಂಖ್ಯೆ ಅದು ತಡೆಯುವ ಮಿತಿ. ಅಷ್ಟೂ ತುಂಬಿದರೆ ಪ್ರತಿ ಕಲ್ಲೂ ಅಂಗೈಗೆ ಬಂದು ಬಡಿಯುತ್ತದೆ. 28 ಮಿಲಿಮೀಟರ್ ಟೈರಾದರೆ, 60 ಕೆ.ಜಿ. ಆಸುಪಾಸಿನವರಿಗೆ 60ರಿಂದ 70 ಪಿಎಸ್‌ಐ ಸಾಕು.

ಎಲ್ಲವನ್ನೂ ಒಂದೇ ಭಾನುವಾರ ಬದಲಿಸಬೇಡಿ. ಒಂದು ಬದಲಿಸಿ, ಎರಡು ಮೂರು ಸಲ ಓಡಿಸಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲು ಸೀಟಿನ ಮಟ್ಟ. ಅಲ್ಲಿಯವರೆಗೆ ಶ್ರೀರಂಗಪಟ್ಟಣ ಬಿಟ್ಟು ಹತ್ತು ಕಿಲೋಮೀಟರಿಗೆ ನಿಲ್ಲಿಸಿ. ಇಳಿದ ಮೇಲೂ, ಮಾರನೆಯ ದಿನವೂ ಜೋಮು ಉಳಿದರೆ ಅಥವಾ ಸೀಮೆಸುಣ್ಣ ಹಿಡಿಯುವ ಬಲ ಕಡಿಮೆಯಾಗಿದ್ದರೆ ಸೈಕಲ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನನ್ನ ಹೊಸ ರೋಡ್ ಬೈಕಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಲು ಆಗುವುದಿಲ್ಲ ಅನ್ನುತ್ತಾರೆ. ಏಕೆ?
– ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ನಿಮ್ಮ ಟ್ಯೂಬಿಗಿರುವುದು ಪ್ರೆಸ್ಟಾ ವಾಲ್ವ್, ತೆಳ್ಳಗೆ ಉದ್ದಕ್ಕಿರುತ್ತದೆ. ಅಂಗಡಿಯ ನಳಿಗೆ ಅದರ ಮೇಲೆ ಕೂರುವುದಿಲ್ಲ. ಸೈಕಲ್ ಅಂಗಡಿಯಲ್ಲಿ ಚಿಕ್ಕ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ. ವಾಲ್ವಿನ ತುದಿಯ ಪುಟ್ಟ ತಿರುಪು ಸಡಿಲಿಸಿ, ಅಡಾಪ್ಟರ್ ತಿರುಗಿಸಿ ಹಾಕಿದರೆ ಮೋಟಾರ್ ಬೈಕು, ಕಾರಿಗೆ ಹಾಕುವ ನಳಿಗೆಯೇ ಹಿಡಿಯುತ್ತದೆ. ಮುಗಿದ ಮೇಲೆ ತಿರುಪು ಬಿಗಿ ಮಾಡಿ. ಆದರೆ ಕಂಪ್ರೆಸರ್ ಗಾಳಿ ಕ್ಷಣದಲ್ಲಿ ಏರುತ್ತದೆ, ಕಿರಿದಾದ ಟೈರಿಗೆ ಅದು ಒಳ್ಳೆಯದಲ್ಲ. ಮೀಟರ್ ಇರುವ ನೆಲದ ಪಂಪ್ ಮನೆಗೆ ತನ್ನಿ. ಈ ಟ್ಯೂಬುಗಳು ಬೇಗ ಗಾಳಿ ಬಿಡುತ್ತವೆ, ಹೇಗೂ ವಾರಕ್ಕೊಂದು ಸಲ ಬೇಕಾಗುತ್ತದೆ. ಅಡಾಪ್ಟರ್ ಅನ್ನು ಸೀಟಿನ ಕೆಳಗಿನ ಚೀಲದಲ್ಲೇ ಇಟ್ಟಿರಿ.